ರೀಪರ್‌ನಲ್ಲಿ ಬಾರ್ ನಂಬರ್: ಶುರುವಿನಲ್ಲಿ ಸಲೀಸು, ರಿಪೀಟ್ ಬಂದರೆ ತಕರಾರು

ಸೆಷನ್‌ನಲ್ಲಿ ಅರೇಂಜರ್ "45ರಿಂದ ಇನ್ನೊಂದು ಸಲ" ಎಂದರೆ ವಯೊಲಿನ್‌ನವರ ಹಾಳೆಯ 45ನೇ ಬಾರ್ (ನೊಟೇಶನ್‌ನ ಒಂದು ಗೆರೆಯಿಂದ ಮುಂದಿನ ಗೆರೆವರೆಗಿನ ಭಾಗ, ಅಂದರೆ ಮೆಷರ್), ಪರದೆಯ ರೂಲರ್‌ನ (ಬಾರ್ ಅಂಕಿ ತೋರಿಸುವ ಪಟ್ಟಿಯ) 45 ಎರಡೂ ಒಂದೇ ಜಾಗ ಆಗಿರಬೇಕು. ಹಾಡಿಗೆ ಮುಂಚೆ ಎರಡು ಬಾರ್ ಕ್ಲಿಕ್ (ಲಯ ಹಿಡಿಯಲು ಕೇಳಿಸುವ ಟಿಕ್ ಟಿಕ್) ಸೇರಿಸಿದರೆ ಪರದೆಯಲ್ಲಿ ಅದು 47 ಆಗುತ್ತದೆ, ಎಂಜಿನಿಯರ್ ದಿನವಿಡೀ ಎರಡು ಕೂಡಿಸುತ್ತ ಕೂರಬೇಕಾಗುತ್ತದೆ. ಕಾಕೋಸ್‌ನವರ ರೆಕಾರ್ಡಿಂಗ್ ತಂತ್ರಾಂಶ ರೀಪರ್ 7 ಈ ಒಂದು ಕೆಲಸಕ್ಕೆ ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿ ನೋಡಿದ್ದು.

ಆಲ್ಟ್ ಮತ್ತು ಎಂಟರ್ ಒತ್ತಿದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತದೆ. ಅಲ್ಲಿನ 'ಪ್ರಾಜೆಕ್ಟ್ ಸ್ಟಾರ್ಟ್ ಮೆಷರ್' ಖಾನೆಯಲ್ಲಿ 1 ಇರುತ್ತದೆ. ಅದನ್ನು -1 ಮಾಡಿ. ರೂಲರ್ -1, 0, 1 ಎಂದು ಓಡತೊಡಗುತ್ತದೆ, ಎರಡು ಬಾರ್ ಕ್ಲಿಕ್ ಮುಗಿದ ಕಡೆ ಸರಿಯಾಗಿ 1 ಬೀಳುತ್ತದೆ. ಆಡಿಯೊ ಒಂದಿಷ್ಟೂ ಅಲುಗುವುದಿಲ್ಲ, ಬದಲಾಗುವುದು ಅಂಕಿ ಮಾತ್ರ. ಇಂಥದೇ ತಂತ್ರಾಂಶಗಳಾದ ಕ್ಯೂಬೇಸ್‌ನಲ್ಲಿ ಇದಕ್ಕೆ 'ಬಾರ್ ಆಫ್‌ಸೆಟ್', ಪ್ರೊ ಟೂಲ್ಸ್‌ನಲ್ಲಿ 'ರೀನಂಬರ್ ಬಾರ್ಸ್'. ಮೆಟ್ರೊನೋಮ್‌ನಲ್ಲೇ ಇರುವ ಕೌಂಟ್-ಇನ್ (ನುಡಿಸುವ ಮುಂಚಿನ ಎಣಿಕೆ) ಬಳಸುವವರಿಗೆ ಇದರ ಗೊಡವೆಯಿಲ್ಲ, ಅದು ಟೈಮ್‌ಲೈನ್ ಮೇಲೆ ಬರುವುದೇ ಇಲ್ಲ.

ಪಿಕಪ್ (ಮೊದಲ ಪೂರ್ಣ ಬಾರ್‌ಗೆ ಮುಂಚಿನ ತುಣುಕು) ಇರುವ ಹಾಡಿಗೆ ಇನ್ನೊಂದು ಹೆಜ್ಜೆ ಬೇಕು. 3/4ರ ಹಾಡು ಒಂದು ಬೀಟ್ ಮುಂಚೆ ಎತ್ತಿಕೊಂಡರೆ, ಆರಂಭದಲ್ಲಿ 1/4, ಅದರ ಮುಂದಿನ ಬೀಟ್‌ಗೆ 3/4 ಹಾಕಿ (ಶಿಫ್ಟ್ ಮತ್ತು ಸಿ), ಸ್ಟಾರ್ಟ್ ಮೆಷರ್ 0 ಮಾಡಿ. ನೊಟೇಶನ್ ಬರೆಯುವ ಮ್ಯೂಸ್‌ಸ್ಕೋರ್‌ನಿಂದ ಮಿಡಿ (ಧ್ವನಿಯ ಬದಲು ಸ್ವರಗಳ ಮಾಹಿತಿ ಇರುವ ಫೈಲ್) ತಂದವರು ಎಡವುವುದು ಇಲ್ಲೇ. ಮಿಡಿ ಫೈಲ್ ಲಯವನ್ನೂ ಟೈಮ್ ಸಿಗ್ನೇಚರನ್ನೂ ಹೊತ್ತು ತರುತ್ತದೆ, ಬಾರ್ ನಂಬರನ್ನು ತರುವುದಿಲ್ಲ. ಹಾಳೆಯಲ್ಲಿ ಲೆಕ್ಕಕ್ಕೆ ಬರದ ಪಿಕಪ್ ರೀಪರ್‌ನಲ್ಲಿ 1 ಆಗಿ ಕೂತಿರುತ್ತದೆ, ಕೊನೆಯವರೆಗೂ ಒಂದು ಹೆಚ್ಚು.

ಕ್ಲಿಕ್ ಇಲ್ಲದೆ ನುಡಿಸಿದ ಟೇಕ್‌ಗೆ ಆಮೇಲೆ ಬಾರ್ ಗೆರೆ ಕೂರಿಸುವುದಾದರೆ ಮೊದಲು ಅದೇ ಸೆಟ್ಟಿಂಗ್ಸ್‌ನಲ್ಲಿ ಐಟಂಗಳ (ಟ್ರ್ಯಾಕ್ ಮೇಲಿನ ರೆಕಾರ್ಡಿಂಗ್ ತುಣುಕುಗಳ) ಟೈಮ್‌ಬೇಸನ್ನು 'ಟೈಮ್' ಮಾಡಿ. ಡೀಫಾಲ್ಟ್ ಆಗಿರುವ 'ಬೀಟ್ಸ್'ನಲ್ಲೇ ಬಿಟ್ಟರೆ ಟೆಂಪೊ ಮಾರ್ಕರ್ ಸರಿಸಿದಂತೆಲ್ಲ ರೆಕಾರ್ಡ್ ಆದ ಆಡಿಯೊ ಕೂಡ ಹಿಗ್ಗಿ ಕುಗ್ಗುತ್ತದೆ. ನಂತರ ಒಂದು ಬಾರ್‌ನಷ್ಟು ಆಯ್ದು 'ಕ್ರಿಯೇಟ್ ಮೆಷರ್ ಫ್ರಮ್ ಟೈಮ್ ಸೆಲೆಕ್ಷನ್' ಕೊಡಿ. ಲಯ ಹೆಚ್ಚು ಓಲಾಡುವ ಕಡೆ ಬಾರ್ ಬಾರ್‌ಗೂ ಇದನ್ನೇ ಮಾಡಬೇಕು. ಬೇಸರದ ಕೆಲಸ, ಆದರೆ ಫಲಿತಾಂಶ ಚೊಕ್ಕ.

ರಿಪೀಟ್ ಚಿಹ್ನೆ ಬಂದಲ್ಲಿ ಮಾತ್ರ ರೀಪರ್ ಕೈಚೆಲ್ಲುತ್ತದೆ. ಹಾಳೆಯಲ್ಲಿ 1ರಿಂದ 16 ಎರಡು ಸಲ ಎಂದಿದ್ದರೆ ಹಾಳೆಯ 17 ಪರದೆಯಲ್ಲಿ 33. ಸ್ಟಾರ್ಟ್ ಮೆಷರ್ ಇಡೀ ಪ್ರಾಜೆಕ್ಟ್‌ಗೆ ಒಂದೇ ಅಂಕಿಯಾದ್ದರಿಂದ ಇಲ್ಲಿ ಅದರಿಂದ ಉಪಯೋಗವಿಲ್ಲ. ಶಿಫ್ಟ್ ಮತ್ತು ಎಂ ಒತ್ತಿ, 33ರ ಮೇಲೆ 'ಹಾಳೆ 17' ಎಂಬ ಹೆಸರಿನ ಮಾರ್ಕರ್ ಇಡಬಹುದು. ಅದು ತೇಪೆ ಅಷ್ಟೇ. ಅರೇಂಜರ್‌ಗೆ ಹೇಳಿ ರೆಕಾರ್ಡಿಂಗ್ ಪ್ರತಿಯಲ್ಲಿ ರಿಪೀಟ್‌ಗಳನ್ನೆಲ್ಲ ಬಿಡಿಸಿ ಬರೆಸುವುದೇ ಸರಿ. ಎರಡು ಪುಟ ಹೆಚ್ಚಾದೀತು, ಗೊಂದಲ ಪೂರ್ತಿ ತಪ್ಪುತ್ತದೆ.

ಕರ್ನಾಟಕ ಸಂಗೀತದವರಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಆದಿತಾಳಕ್ಕೆ 4/4 ಬಿಟ್ಟು 8/4 ಇಟ್ಟರೆ ಒಂದು ಬಾರ್ ಎಂದರೆ ಒಂದು ಆವರ್ತ (ತಾಳದ ಒಂದು ಪೂರ್ಣ ಸುತ್ತು), ನೊಟೇಶನ್ ಪುಸ್ತಕದ ಎಣಿಕೆಯೊಂದಿಗೆ ನೇರ ಹೊಂದುತ್ತದೆ. ಮೆಟ್ರೊನೋಮ್ ಪ್ಯಾಟರ್ನ್‌ನಲ್ಲಿ ಎಬಿಬಿಬಿಎಬಿಎಬಿ (ಎ ಒತ್ತಿನ ಪೆಟ್ಟು, ಬಿ ಸಾದಾ) ಎಂದು ಕೊಟ್ಟರೆ ತಾಳದ ಅಂಗಗಳಾದ ಲಘು, ಎರಡು ದ್ರುತ ಕಿವಿಗೆ ಬೇರೆಬೇರೆಯಾಗಿ ಕೇಳಿಸುತ್ತವೆ. ಅತೀತ ಎಡುಪಿನ, ಅಂದರೆ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಮುಂಚೆಯೇ ಎತ್ತಿಕೊಳ್ಳುವ ಕೃತಿಯಾದರೆ ಸ್ಟಾರ್ಟ್ ಮೆಷರ್ 0 ಇಟ್ಟು, ಸಮಕ್ಕೆ ಮುಂಚಿನ ಭಾಗವನ್ನು ಆ ಸೊನ್ನೆಯ ಆವರ್ತದ ಕೊನೆಗೆ ತನ್ನಿ.

60 ದಿನ ಪುಕ್ಕಟೆ ಪರೀಕ್ಷಿಸಬಹುದು. ಸ್ವಂತ ಬಳಕೆಗೆ, ಸಣ್ಣ ಸ್ಟುಡಿಯೋಗಳಿಗೆ ಲೈಸೆನ್ಸ್ 60 ಡಾಲರ್, ದೊಡ್ಡ ವ್ಯವಹಾರಕ್ಕೆ 225. ಈ ಬೆಲೆಗೆ ರಿಪೀಟ್‌ನ ಕೊರತೆ ಸಹಿಸಬಹುದು. ಮಿಕ್ಸಿಂಗ್‌ಗೆ ಬೇರೆ ಕಡೆ ಫೈಲ್ ಕಳಿಸುವಾಗ ಮಾತ್ರ ಸ್ಟೆಮ್‌ಗಳ (ಬೇರೆಬೇರೆಯಾಗಿ ತೆಗೆದ ಆಡಿಯೊ ಫೈಲ್‌ಗಳ) ಜೊತೆಗೆ 'ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಮಿಡಿ'ಯಿಂದ ಟೆಂಪೊ ಮ್ಯಾಪ್ (ಲಯ, ಟೈಮ್ ಸಿಗ್ನೇಚರ್‌ಗಳ ನಕ್ಷೆ) ಕೂಡ ಕೊಡಿ, 'ಮೊದಲ ಬಾರ್ -1' ಎಂದು ಒಂದು ಸಾಲು ಬರೆದಿಡಿ. ಆ ಅಂಕಿಯನ್ನು ಅಲ್ಲಿಯವರು ಕೈಯಾರೆ ಹಾಕಿಕೊಳ್ಳಬೇಕು.