ಹೈಸ್ಕೂಲಿಗೆ ಬರುವ ‘ಸುರಕ್ಷತೆ ಮತ್ತು ಸಂಬಂಧ’ ಕಾರ್ಯಾಗಾರ: ಪಾಠ ಚೆನ್ನಾಗಿದೆ, ಪಾಠದ ನಂತರ?

ಹಾಸನ, ಚಿಕ್ಕಮಗಳೂರು ಕಡೆಯ ಹೈಸ್ಕೂಲುಗಳಿಗೆ ಬೆಂಗಳೂರಿನ ತರಬೇತಿ ತಂಡವೊಂದು ಕೊಡುವ ನಾಲ್ಕು ಅವಧಿಯ ಪ್ಯಾಕೇಜಿನ ವಿಮರ್ಶೆ ಇದು. 8ರಿಂದ 10ನೇ ತರಗತಿಯ ಮಕ್ಕಳಿಗೆ 80 ನಿಮಿಷದ ನಾಲ್ಕು ಅವಧಿ, ಪೋಷಕರಿಗೆ ಒಂದು ಸಭೆ. ಶಿಕ್ಷಕರಿಗೆ ಮೂರು ತಾಸಿನ ತರಬೇತಿಯೂ ಇದೆ, ಆದರೆ ಅದನ್ನು ಬೇಕಿದ್ದರೆ ಪ್ರತ್ಯೇಕ ಹಣ ಕೊಟ್ಟು ತೆಗೆದುಕೊಳ್ಳಬೇಕು. ತೀರ್ಪನ್ನು ಮೊದಲೇ ಹೇಳುವುದು ಒಳ್ಳೆಯದು. ಮಕ್ಕಳ ಅವಧಿಗಳು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಶಿಕ್ಷಕರ ತರಬೇತಿ ಬಿಟ್ಟು ಅವನ್ನಷ್ಟೇ ತರಿಸುವುದಾದರೆ ತರಿಸದಿರುವುದೇ ಮೇಲು. ಮಕ್ಕಳಿಗೆ ‘ಬಾಯಿಬಿಟ್ಟು ಹೇಳಿ’ ಎಂದು ಕಲಿಸಿ, ಕೇಳಿಸಿಕೊಳ್ಳುವವರಿಗೆ ಏನನ್ನೂ ಕಲಿಸದೆ ತಂಡ ಬಸ್ಸು ಹತ್ತಿದರೆ ಆಮೇಲೆ ಒದ್ದಾಡುವುದು ಮಗು.

ಮೊದಲ ಅವಧಿಯ ದೊಡ್ಡ ಗುಣವೆಂದರೆ ಗುಡ್ ಟಚ್, ಬ್ಯಾಡ್ ಟಚ್ ಎಂಬ ಹಳೆಯ ಪಟ್ಟಿಯನ್ನು ಕೈಬಿಟ್ಟಿರುವುದು. ಇಂಜೆಕ್ಷನ್ ನೋಯುತ್ತದೆ, ಅದು ಕೆಟ್ಟದ್ದಲ್ಲ. ಚಾಕೊಲೇಟ್ ಕೊಡಿಸಿ, ಹೊಗಳಿ, ಮೊಬೈಲ್ ಆಡಲು ಕೊಟ್ಟು ನಿಧಾನವಾಗಿ ಹತ್ತಿರ ಮಾಡಿಕೊಳ್ಳುವವನ ಸ್ಪರ್ಶ ಮೊದಮೊದಲು ಕೆಟ್ಟದೆನಿಸದೆಯೂ ಇರಬಹುದು. ಹಿತವೆನಿಸಿತ್ತಲ್ಲ, ಹಾಗಾದರೆ ತಪ್ಪು ನನ್ನದೇ ಎಂದು ಮಗು ಬಾಯಿ ಮುಚ್ಚಿಕೊಳ್ಳುವುದು ಅಲ್ಲೇ. ಆ ಪಟ್ಟಿಯ ಬದಲು ಈ ತಂಡ ಮೂರು ಪ್ರಶ್ನೆ ಕೊಡುತ್ತದೆ. ಇದು ನನ್ನ ಆರೋಗ್ಯಕ್ಕೋ ಶುಚಿತ್ವಕ್ಕೋ ಬೇಕಾದದ್ದೇ? ಬೇಡ ಎಂದರೆ ನಿಲ್ಲಿಸುತ್ತಾರಾ? ಯಾರಿಗೂ ಹೇಳಬೇಡ ಅಂದರಾ? ಮೂರನೆಯದೇ ಹೆಚ್ಚು ಕೆಲಸಕ್ಕೆ ಬರುವುದು. ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ನಾಲ್ಕು ದಿನದಲ್ಲಿ ಬಯಲಾಗುತ್ತದೆ, ಎಲ್ಲರೂ ನಗುತ್ತಾರೆ. ಎಂದೂ ಬಯಲಾಗಬಾರದು ಎನ್ನುವ, ಹೆದರಿಕೆ ಬೆರೆತ ಗುಟ್ಟು ಬೇರೆ ಜಾತಿಯದು. ಈ ವ್ಯತ್ಯಾಸವನ್ನು ಎಂಟನೇ ತರಗತಿಯವರು ಒಂದೇ ಏಟಿಗೆ ಹಿಡಿಯುತ್ತಾರೆ.

‘ಗುರುತಿಲ್ಲದವರಿಂದ ದೂರವಿರಿ’ ಎಂಬ ಉಪದೇಶಕ್ಕೆ ಹೆಚ್ಚು ಹೊತ್ತು ಕೊಟ್ಟಿಲ್ಲ, ಅದೂ ಸರಿಯೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ವರದಿಗಳ ಪ್ರಕಾರ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ. ಗಂಡುಮಕ್ಕಳನ್ನು ಹೊರಗೆ ಕಳಿಸಿ ಹುಡುಗಿಯರಿಗಷ್ಟೇ ಪಾಠ ಹೇಳುವ ಚಾಳಿಯೂ ಇಲ್ಲಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವು ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಶೇ. 52.94ರಷ್ಟು, ಗಂಡುಮಕ್ಕಳಿದ್ದರು. ಪ್ಯಾಕೇಜಿನ ಒಂದು ಸನ್ನಿವೇಶದಲ್ಲಿ ಹಾಸ್ಟೆಲಿನ ಹುಡುಗನಿಗೆ ಸೀನಿಯರ್ ಒಬ್ಬನಿಂದ ತೊಂದರೆಯಾಗುತ್ತದೆ. ವಸತಿ ಶಾಲೆಗಳೂ ಹಾಸ್ಟೆಲುಗಳೂ ತುಂಬಿರುವ ಈ ಎರಡು ಜಿಲ್ಲೆಗಳಿಗೆ ಅದು ಹೇಳಿ ಮಾಡಿಸಿದ ಉದಾಹರಣೆ.

ಇದೇ ಅವಧಿಯಲ್ಲಿ ಸೀಮೆಸುಣ್ಣದ ಗೆರೆಯ ಆಟವೊಂದಿದೆ. ಇಬ್ಬರು ಎದುರುಬದುರು ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಬೇಕು. ಒಬ್ಬರು ನಡೆದು ಬರಬೇಕು, ಇನ್ನೊಬ್ಬರು ಸಾಕೆನಿಸಿದ ಕಡೆ ಕೈ ಎತ್ತಬೇಕು, ಅಲ್ಲಿ ಗೆರೆ ಎಳೆಯಬೇಕು. ಗೆಳತಿ ಬಂದಾಗ, ಹೆಚ್ಚು ಪರಿಚಯವಿಲ್ಲದ ಸಹಪಾಠಿ ಬಂದಾಗ, ಕಣ್ಣು ದಿಟ್ಟಿಸುತ್ತ ಬಂದಾಗ ಗೆರೆ ಬೇರೆ ಬೇರೆ ಕಡೆ ಬೀಳುತ್ತದೆ. 35 ಮಕ್ಕಳವರೆಗೆ ಇದು ಸೊಗಸಾಗಿ ನಡೆಯುತ್ತದೆ. ಮೂರು ಸೆಕ್ಷನ್ ಸೇರಿಸಿ ಸಭಾಂಗಣದಲ್ಲಿ ಕೂರಿಸಿದರೆ ಇಬ್ಬರು ಆಡುತ್ತಾರೆ, ಉಳಿದವರು ಶಿಳ್ಳೆ ಹೊಡೆಯುತ್ತಾರೆ. ಹುಡುಗ–ಹುಡುಗಿಯನ್ನು ಜೋಡಿ ಮಾಡಿ ನಿಲ್ಲಿಸಿದರಂತೂ ಮುಗಿಯಿತು, ವರ್ಷವಿಡೀ ಆ ಇಬ್ಬರ ಹೆಸರು ಕಾಂಪೌಂಡ್ ಗೋಡೆಯ ಮೇಲಿರುತ್ತದೆ. ಆಡುವವರು ತಾವಾಗಿಯೇ ಮುಂದೆ ಬರಬೇಕು. ‘ನೀನು ಬಾ’ ಎಂದು ತೋಳು ಹಿಡಿದು ಎಬ್ಬಿಸಿ ಒಪ್ಪಿಗೆಯ ಪಾಠ ಮಾಡುವ ತರಬೇತುದಾರರೂ ಇದ್ದಾರೆ!

ಎರಡನೆಯ ಅವಧಿ ಇಡೀ ಪ್ಯಾಕೇಜಿನ ಜೀವ. ಐದೈದು ಮಕ್ಕಳ ಗುಂಪಿಗೆ ಒಂದೊಂದು ಕಟ್ಟು ಕಾರ್ಡು. ‘ನನ್ನ ಮೇಲೆ ನಂಬಿಕೆ ಇದ್ದರೆ ಪಾಸ್‌ವರ್ಡ್ ಕೊಡು.’ ‘ಅವಳ ಜೊತೆ ಮಾತಾಡಿದರೆ ನನ್ನ ಜೊತೆ ಮಾತಾಡಬೇಡ.’ ‘ನೀನು ಬಿಟ್ಟರೆ ಕೈ ಕುಯ್ದುಕೊಳ್ಳುತ್ತೇನೆ.’ ‘ಜಗಳ ಆಯಿತು, ಮಾರನೇ ದಿನ ಇಬ್ಬರೂ ಸಾರಿ ಹೇಳಿಕೊಂಡರು.’ ಗುಂಪು ಪ್ರತಿ ಕಾರ್ಡನ್ನೂ ಗೌರವ, ಒತ್ತಡ, ಅಪಾಯ ಎಂಬ ಮೂರು ಡಬ್ಬಿಗಳಲ್ಲಿ ಒಂದಕ್ಕೆ ಹಾಕಿ ಕಾರಣ ಹೇಳಬೇಕು. ಪಾಸ್‌ವರ್ಡಿನ ಕಾರ್ಡಿನ ಮೇಲೆ ಪ್ರತಿ ತರಗತಿಯಲ್ಲೂ ವಾದ ಏಳುತ್ತದೆ. ತರಬೇತುದಾರರು ಆ ವಾದಕ್ಕೆ ಕನಿಷ್ಠ ಹತ್ತು ನಿಮಿಷ ಬಿಡಬೇಕು. ಅವಸರದಲ್ಲಿ ಸರಿ ಉತ್ತರ ಹೇಳಿ ಮುಂದಿನ ಕಾರ್ಡಿಗೆ ಹೋದರೆ ಮಕ್ಕಳು ಪರೀಕ್ಷೆಯ ಉತ್ತರದಂತೆ ಅದನ್ನೂ ಬರೆದುಕೊಂಡು ಮರೆಯುತ್ತಾರೆ. ಕೈ ಕುಯ್ದುಕೊಳ್ಳುವ ಕಾರ್ಡು ಬಂದಾಗ ಮಾತ್ರ ಚರ್ಚೆ ಅಲ್ಲಿಗೇ ಬಿಡುವಂತಿಲ್ಲ. ಬೆದರಿಕೆಗೆ ಮಣಿದು ಸಂಬಂಧದಲ್ಲಿ ಉಳಿಯುವುದು ಪರಿಹಾರವಲ್ಲ, ಸುಮ್ಮನೆ ಬಿಟ್ಟುಬಿಡುವುದೂ ಅಲ್ಲ, ತಕ್ಷಣ ದೊಡ್ಡವರಿಗೆ ಹೇಳಬೇಕು ಎಂದು ಸ್ಪಷ್ಟವಾಗಿ ಹೇಳಿ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಬೋರ್ಡಿನ ಮೇಲೆ ಬರೆಯಬೇಕು. ಕಾರ್ಡಿನ ಹಿಂಬದಿಯಲ್ಲಿ ಈ ಸೂಚನೆ ಇದೆ, ಅಕ್ಷರ ಮಾತ್ರ ಇರುವೆ ಗಾತ್ರದ್ದು.

ಬೇಡ ಎಂದು ಹೇಳುವುದನ್ನು ಕಲಿಸುವವರು ಬಹಳ ಜನ. ಬೇಡ ಎಂಬುದನ್ನು ಕೇಳಿಸಿಕೊಳ್ಳಲು ಕಲಿಸುವವರು ಕಡಿಮೆ. ಇಲ್ಲಿ ಅದಕ್ಕೆ ಇಪ್ಪತ್ತು ನಿಮಿಷ ಮೀಸಲಿದೆ. ಒಲ್ಲೆ ಎಂದವಳ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ನಡೆಯುವುದು, ಬೇರೆ ನಂಬರಿನಿಂದ ಮೆಸೇಜು ಹಾಕುವುದು, ಅವಳ ಗೆಳತಿಯರ ಕೈಯಲ್ಲಿ ಹೇಳಿ ಕಳಿಸುವುದು ಪ್ರೀತಿಯ ಹಟವಲ್ಲ, ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಹಿಂಬಾಲಿಸುವಿಕೆಯ ಅಪರಾಧವಾಗುತ್ತದೆ ಎಂಬುದು ಹುಡುಗರಿಗೆ ನಿಜಕ್ಕೂ ಹೊಸ ಸುದ್ದಿ. 18 ತುಂಬದವರ ನಡುವೆ ಪರಸ್ಪರ ಇಷ್ಟವಿದ್ದರೂ ಪೋಕ್ಸೋ ಅದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಹೇಳುತ್ತಾರೆ. ಆದರೆ ಈ ಭಾಗವನ್ನು ಜೈಲು ತೋರಿಸಿ ಹೆದರಿಸುವ ಧಾಟಿಯಲ್ಲಿ ಒಪ್ಪಿಸುವುದು ಪ್ಯಾಕೇಜಿನ ದೌರ್ಬಲ್ಯ. ಹೆದರಿದ ಹುಡುಗಿ ನಾಳೆ ತೊಂದರೆಯಾದಾಗ ‘ನನ್ನಿಂದ ಅವನು ಜೈಲಿಗೆ ಹೋಗುತ್ತಾನೆ’ ಎಂದು ಹೇಳದೇ ಉಳಿಯುತ್ತಾಳೆ. ಕಾನೂನನ್ನು ಐದು ನಿಮಿಷದಲ್ಲಿ, ತಣ್ಣಗಿನ ದನಿಯಲ್ಲಿ ಮುಗಿಸಿದರೆ ಸಾಕು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂಬ ಮಾತನ್ನು ಪೋಷಕರ ಸಭೆಗೆ ಎತ್ತಿಟ್ಟಿದ್ದಾರೆ, ಅದಕ್ಕೆ ಸರಿಯಾದ ಜಾಗ ಅದೇ.

ಮೂರನೆಯದು ಫೋನಿನದು. ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಸ್ಲೈಡುಗಳು ನಗರದ ಮಕ್ಕಳಿಗೆ ಮಾಡಿದವು. ಇಲ್ಲಿ ಅನೇಕ ಮಕ್ಕಳ ಕೈಗೆ ಬರುವುದು ಅಪ್ಪನದೋ ಅಣ್ಣನದೋ ಫೋನು. ಖಾತೆಯೂ ಅವರದೇ. ಹೀಗಾಗಿ ಪ್ರೈವಸಿ ಸೆಟ್ಟಿಂಗಿಗಿಂತ, ಫೋಟೊ ಇಟ್ಟುಕೊಂಡು ಬೆದರಿಸಿದರೆ ಏನು ಮಾಡಬೇಕು ಎಂಬುದು ಮುಖ್ಯ. ಆ ಭಾಗ ಸರಿಯಾಗಿದೆ: ದುಡ್ಡು ಕೊಡಬೇಡಿ, ಇನ್ನೊಂದು ಫೋಟೊ ಕಳಿಸಬೇಡಿ, ಚಾಟ್ ಅಳಿಸಬೇಡಿ, ಖಾತೆಯ ಹೆಸರು, ಲಿಂಕ್, ದಿನ, ಸಮಯ ಬರೆದಿಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯನ್ನೂ ತೋರಿಸುತ್ತಾರೆ. ಅಲ್ಲಿ ಫೋಟೊ ಯಾರಿಗೂ ಕಳಿಸಬೇಕಿಲ್ಲ. ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ, ಸೇವೆಗೆ ಸೇರಿದ ಜಾಲತಾಣಗಳು ಅದನ್ನು ನೋಡಿ ಚಿತ್ರವನ್ನು ತೆಗೆಯುತ್ತವೆ. ಒಂದು ಎಚ್ಚರಿಕೆ ಬಿಟ್ಟುಹೋಗಿದೆ, ಅದು ಶಿಕ್ಷಕರಿಗೆ. ಸಾಕ್ಷಿಗೆಂದು ಆ ಚಿತ್ರವನ್ನು ತಮ್ಮ ಫೋನಿಗೆ ತರಿಸಿಕೊಳ್ಳುವುದು, ಸಿಬ್ಬಂದಿ ವಾಟ್ಸ್ಯಾಪ್ ಗುಂಪಿಗೆ ಹಾಕುವುದು ತಾನೇ ಒಂದು ಅಪರಾಧವಾಗಬಹುದು. ಫೋನು ಹಾಗೇ ಪೊಲೀಸರ ಕೈಗೆ ಹೋಗಬೇಕು.

ನಾಲ್ಕನೆಯ ಅವಧಿ ಪ್ರಶ್ನೆ ಪೆಟ್ಟಿಗೆಯದು. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು. ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದಾದರೂ ಬರೆದು ಹಾಕಲೇಬೇಕು, ಆಗ ಬರೆದವರು ಯಾರೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ಚೀಟಿಗಳನ್ನು ಇಬ್ಬರು ಮೊದಲೇ ಓದಿ ವಿಂಗಡಿಸಿ ಉತ್ತರಿಸುತ್ತಾರೆ. ಇದಾದ ಮೇಲೆ ಅಂಗೈ ಚಿತ್ರ: ಐದು ಬೆರಳಿಗೆ ನಂಬಿಕೆಯ ಐದು ಜನ ದೊಡ್ಡವರ ಹೆಸರು, ಅದರಲ್ಲಿ ಇಬ್ಬರಾದರೂ ಮನೆಯ ಹೊರಗಿನವರು. ತೊಂದರೆ ಮನೆಯೊಳಗೇ ಇದ್ದರೆ ಉಳಿದ ಬೆರಳು ಬೇಕಲ್ಲ. ಮೊದಲನೆಯವರು ನಂಬದಿದ್ದರೆ ಎರಡನೆಯವರಿಗೆ ಹೇಳು, ಅವರೂ ನಂಬದಿದ್ದರೆ ಮೂರನೆಯವರಿಗೆ, ಎಂದು ಬಾಯಿಪಾಠ ಮಾಡಿಸುತ್ತಾರೆ. 1098 ಅನ್ನೂ ಹೇಳಿಕೊಡುತ್ತಾರೆ. 2023ರ ನಂತರ ಆ ಮಕ್ಕಳ ಸಹಾಯವಾಣಿಯನ್ನು ಸರ್ಕಾರವೇ ನಡೆಸುತ್ತಿದೆ, ತುರ್ತು ಸಂಖ್ಯೆ 112ರ ಜೊತೆ ಜೋಡಿಸಿದೆ ಎಂಬುದನ್ನು ಸೇರಿಸಬೇಕಿತ್ತು. ಮೂಡಿಗೆರೆ, ಕಳಸದ ಕಡೆ ಸಿಗ್ನಲ್ ಸಿಗದ ಊರುಗಳಲ್ಲಿ ಸಂಖ್ಯೆಗಿಂತ ಆ ಐದು ಬೆರಳೇ ಆಧಾರ.

ಇನ್ನು ದೊಡ್ಡ ತೂತು. ಇಂಥ ಅವಧಿ ಮುಗಿದ ಮೇಲೆ ಒಂದು ಮಗು ಬಂದು ಏನನ್ನೋ ಹೇಳುವ ಸಾಧ್ಯತೆ ಇದ್ದೇ ಇದೆ. ಹೇಳುವುದು ತಂಡಕ್ಕಲ್ಲ, ದಿನಾ ಮುಖ ನೋಡುವ ಟೀಚರಿಗೆ. ಆಗ ಏನು ಮಾಡಬೇಕೆಂಬುದು ಆ ಮೂರು ತಾಸಿನ ಐಚ್ಛಿಕ ತರಬೇತಿಯಲ್ಲಿ ಮಾತ್ರ ಇದೆ. ಅದರ ತಿರುಳು ಇಷ್ಟು. ಬೇರೆಯವರಿಗೆ ಕೇಳಿಸದ, ಆದರೆ ಬಾಗಿಲು ತೆರೆದ ಜಾಗದಲ್ಲಿ ಕೂರಿಸಿ. ‘ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಲ್ಲ’ ಎನ್ನಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ‘ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ’ ಎನ್ನಿ. ‘ಅವನು ಹೀಗೆ ಮಾಡಿದನಾ?’ ಎಂದು ಬಾಯಿಗೆ ಮಾತು ತುರುಕಬೇಡಿ, ‘ಆಮೇಲೆ?’ ಎಂದರೆ ಸಾಕು. ಮಗುವಿನದೇ ಮಾತಿನಲ್ಲಿ, ದಿನ–ಸಮಯ ಹಾಕಿ ಬರೆದಿಡಿ. ಮುಖ್ಯ ಶಿಕ್ಷಕರ ಮುಂದೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಆರೋಪಿಯನ್ನು ಕರೆಸಿ ವಿಚಾರಿಸುವುದು, ಎರಡು ಮನೆಯವರನ್ನು ಕೂರಿಸಿ ರಾಜಿ ಮಾಡಿಸುವುದು ಶಾಲೆಯ ಕೆಲಸವಲ್ಲ.

ಮುಖ್ಯ ಶಿಕ್ಷಕರಿಗೆ ಹೇಳಿದರೆ ಜವಾಬ್ದಾರಿ ಕಳೆಯಿತು ಎಂಬ ನಂಬಿಕೆ ಬಹಳ ಕಡೆ ಇದೆ. ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕ್ರಮವಿಲ್ಲ. ಪೊಲೀಸರು 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಕಡೆಯೋ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ಪೊಲೀಸ್ ಜೀಪು ಶಾಲೆ ಅಂಗಳಕ್ಕೆ ಬರುತ್ತದೆ ಎಂದು ಹೆದರುವ ಸಿಬ್ಬಂದಿಗೆ ಇದನ್ನು ಓದಿ ಹೇಳಿದರೆ ಅರ್ಧ ಅಳುಕು ಇಳಿಯುತ್ತದೆ. ಆಸ್ಪತ್ರೆಗೆ ತಡ ಮಾಡುವಂತಿಲ್ಲ: ಎಚ್‌ಐವಿ ತಡೆಯುವ ಔಷಧಿ 72 ತಾಸಿನೊಳಗೆ ಶುರುವಾಗಬೇಕು, ತುರ್ತು ಚಿಕಿತ್ಸೆಗೆ ಎಫ್‌ಐಆರ್ ಕೇಳುವಂತಿಲ್ಲ. ಇಷ್ಟೆಲ್ಲ ಇರುವ ಭಾಗವನ್ನು ‘ಬೇಕಿದ್ದರೆ ಮಾತ್ರ’ ಎಂದು ಮಾರುವುದನ್ನು ಒಪ್ಪುವುದು ಕಷ್ಟ.

ಸ್ಥಳೀಯ ಹೊಂದಾಣಿಕೆಯಲ್ಲೂ ಕೊರತೆಗಳಿವೆ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಕಾರ್ಮಿಕರ ಎಸ್ಟೇಟ್ ಲೈನ್ ಮನೆಗಳಿಂದ ಬರುವ, ಮನೆಯಲ್ಲಿ ತಮಿಳೋ ಹಿಂದಿಯೋ ಅಸ್ಸಾಮಿಯೋ ಆಡುವ ಮಕ್ಕಳಿಗೆ ಉದ್ದುದ್ದ ಕನ್ನಡ ಕಾರ್ಡು ತಲುಪುವುದಿಲ್ಲ. ಚಿತ್ರದ ಕಾರ್ಡು ಬೇಕು. ಸನ್ನಿವೇಶಗಳಲ್ಲಿ ಮಾಲ್, ಕ್ಯಾಬ್, ಲಿಫ್ಟ್ ಇವೆ. ಸಂಜೆಯ ಕಿಕ್ಕಿರಿದ ಬಸ್ಸು, ತೋಟದೊಳಗಿನ ಕಾಲುದಾರಿ, ಜಾತ್ರೆ, ಟ್ಯೂಷನ್ ಮನೆ ಇಲ್ಲ. ಕೇಳಿದರೆ ಬದಲಿಸಿಕೊಡುತ್ತಾರೆ, ಹದಿನೈದು ದಿನ ಮೊದಲೇ ಕೇಳಬೇಕು. ದಿನ ಗೊತ್ತು ಮಾಡುವಾಗಲೂ ಎಚ್ಚರ. ಜುಲೈ–ಆಗಸ್ಟಿನಲ್ಲಿ ಮಲೆನಾಡಿನಲ್ಲಿ ಮಳೆ ರಜೆ, ಕೊಯ್ಲು ಶುರುವಾದರೆ ಹಾಜರಿ ಕಡಿಮೆ, ಜನವರಿಯಿಂದ ಎಸ್‌ಎಸ್‌ಎಲ್‌ಸಿ ಗಡಿಬಿಡಿ. ಸೆಪ್ಟೆಂಬರ್ ಹಿಡಿದರೆ, ದಸರೆ ತೀರಾ ಬೇಗ ಬರದ ವರ್ಷಗಳಲ್ಲಿ, ವಾರಕ್ಕೊಂದರಂತೆ ನಾಲ್ಕೂ ಅವಧಿ ಅದಕ್ಕೆ ಮೊದಲು ಮುಗಿಯುತ್ತವೆ. ಒಂದೇ ದಿನದಲ್ಲಿ ನಾಲ್ಕನ್ನೂ ತುರುಕುವ ‘ರಿಯಾಯಿತಿ ಪ್ಯಾಕೇಜು’ ಬೇಡ. ಮೂರನೆಯದರ ಹೊತ್ತಿಗೆ ಮಕ್ಕಳು ಕಿಟಕಿ ನೋಡುತ್ತಿರುತ್ತಾರೆ.

ಶುಲ್ಕ ತಲೆ ಲೆಕ್ಕದ್ದಾದರೂ ಕನಿಷ್ಠ ಮೊತ್ತವೊಂದಿದೆ, ಸಣ್ಣ ಸರ್ಕಾರಿ ಶಾಲೆಗೆ ಅದು ಭಾರ. ಅಂಥ ಶಾಲೆಗಳು ನೆನಪಿಡಬೇಕಾದದ್ದು, 2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮ. ಶಾಲೆಗೆ ಇಬ್ಬರು ಶಿಕ್ಷಕರು, ಆದಷ್ಟೂ ಒಬ್ಬರು ಗಂಡು ಒಬ್ಬರು ಹೆಣ್ಣು, ತರಬೇತಿ ಪಡೆದು ವಾರಕ್ಕೊಂದು ತಾಸು ಹನ್ನೊಂದು ವಿಷಯ ಕಲಿಸುವ ವ್ಯವಸ್ಥೆ ಅದು. ಪರಸ್ಪರ ಸಂಬಂಧ, ಲಿಂಗ ಸಮಾನತೆ, ಹಿಂಸೆಯಿಂದ ಸುರಕ್ಷತೆ, ಇಂಟರ್ನೆಟ್ಟಿನ ಸುರಕ್ಷಿತ ಬಳಕೆ ಎಲ್ಲವೂ ಅದರಲ್ಲಿವೆ. ಹದಿಹರೆಯದವರ ಆಪ್ತಸಮಾಲೋಚನೆಗೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಉಚಿತ. ಆ ಇಬ್ಬರು ಶಿಕ್ಷಕರು ಇರುವ ಶಾಲೆ ಈ ತಂಡದಿಂದ ಎರಡನೆಯ ಅವಧಿ ಮತ್ತು ಶಿಕ್ಷಕರ ತರಬೇತಿ ಎರಡನ್ನೇ ಕೇಳಿ ಪಡೆಯಬಹುದು, ಖರ್ಚು ಇಳಿಯುತ್ತದೆ.

ಒಪ್ಪಂದಕ್ಕೆ ಮೊದಲು ಮೂರು ವಿಷಯ ಬರಹದಲ್ಲಿ ಪಡೆಯಿರಿ. ಬರುವವರೆಲ್ಲರ ಪೊಲೀಸ್ ಪರಿಶೀಲನಾ ಪತ್ರ. ತರಗತಿಯಲ್ಲಿ ಶಾಲೆಯ ಒಬ್ಬ ಶಿಕ್ಷಕರು ಸದಾ ಇರುತ್ತಾರೆ, ಯಾವ ತರಬೇತುದಾರರೂ ಮಗುವಿನ ಜೊತೆ ಒಬ್ಬರೇ ಇರುವುದಿಲ್ಲ ಎಂಬ ಷರತ್ತು. ಮಕ್ಕಳ ಮುಖ ಕಾಣುವ ಫೋಟೊ ತೆಗೆಯುವುದಿಲ್ಲ ಎಂಬ ಮಾತು. ಮೂರನೆಯದಕ್ಕೆ ತಂಡ ಚೌಕಾಸಿ ಮಾಡುತ್ತದೆ, ದಾನಿಗಳಿಗೆ ವರದಿ ಕಳಿಸಬೇಕಂತೆ. ಖಾಲಿ ಕೋಣೆಯಲ್ಲಿ ಗೆರೆ ಎಳೆದ ನೆಲದ ಫೋಟೊ ಕಳಿಸಲಿ.