ಪೀಟರ್ಸ್‌ಬರ್ಗಿನ ಅರಮನೆಗಳಿಗೆ ಹಾಸನದಿಂದ ಒಂದು ಪ್ಯಾಕೇಜ್ ಪ್ರವಾಸ: ಗೈಡು, ಗಡಿಯಾರ ಮತ್ತು ಕೆಲವು ತಕರಾರುಗಳು

ಕಳೆದ ಜೂನ್ ತಿಂಗಳಿನಲ್ಲಿ ಹಾಸನದ ಒಂದು ಟ್ರಾವೆಲ್ಸ್ ಸಂಸ್ಥೆಯ ಮೂಲಕ ನಾವು 18 ಮಂದಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಹೋಗಿ, 5 ದಿನ ಇದ್ದು ಬಂದೆವು. ತಂಡದಲ್ಲಿ ನನ್ನಂತಹ ನಿವೃತ್ತ ಅಧ್ಯಾಪಕರು ನಾಲ್ವರು, ಸಕಲೇಶಪುರದ ಕಾಫಿ ಬೆಳೆಗಾರರ ಎರಡು ಕುಟುಂಬ, ಉಳಿದವರು ಹಾಸನ ಮತ್ತು ಚನ್ನರಾಯಪಟ್ಟಣದ ವ್ಯಾಪಾರಸ್ಥರು. ವಿಮಾನ, ಹೋಟೆಲುಗಳ ವಿಷಯದಲ್ಲಿ ದೂರುವಂಥದ್ದೇನೂ ಇರಲಿಲ್ಲವಾದ್ದರಿಂದ, ಗೈಡ್ ಜೊತೆಗಿನ ನಗರದರ್ಶನ ಮತ್ತು ಅರಮನೆಗಳ ದಿನದ ಪ್ರವಾಸಗಳ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಇಂತಹ ಪ್ಯಾಕೇಜುಗಳಲ್ಲಿ ಕೊಟ್ಟ ಹಣ ಸಾರ್ಥಕವಾಯಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ಗೈಡುಗಳನ್ನು ಅಳೆಯಲು ನಮ್ಮ ಜಿಲ್ಲೆಯವರಿಗೆ ಮೊದಲಿನಿಂದಲೂ ಒಂದು ಅಳತೆಗೋಲು ಇದೆ. ಬೇಲೂರಿನ ನವರಂಗದ ಮಬ್ಬಿನಲ್ಲಿ ಮದನಿಕೆಯ ಕೈಬಳೆಯ ಮೇಲೆ ಟಾರ್ಚಿನ ಬೆಳಕು ನಿಲ್ಲಿಸಿ, ನಾವು ನೋಡಿ ಮುಗಿಸುವವರೆಗೆ ಸುಮ್ಮನಿರುವ ಗೈಡನ್ನೂ ಕಂಡಿದ್ದೇವೆ. ಅದೇ ಕಂಬಗಳ ನಡುವೆ ಬಾಯಿಪಾಠ ಒಪ್ಪಿಸಿ, ಇಪ್ಪತ್ತೇ ನಿಮಿಷದಲ್ಲಿ ಕಲ್ಲಿನ ಗೊಂಬೆಗಳ ಅಂಗಡಿಯ ಮುಂದೆ ತಂದು ನಿಲ್ಲಿಸುವವರನ್ನೂ ಕಂಡಿದ್ದೇವೆ. ರಷ್ಯಾದಲ್ಲಿಯೂ ನಮಗೆ ಈ ಎರಡೂ ಬಗೆಯವರು ದೊರೆತರು.

ಮೊದಲು ಸಂಸ್ಥೆಗೆ ಸಲ್ಲಬೇಕಾದ ಮೆಚ್ಚುಗೆ. ಇ-ವೀಸಾದ ಕೆಲಸವನ್ನು ಅವರೇ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಅದಕ್ಕಿಂತ ಮುಖ್ಯವಾಗಿ, ನಮ್ಮ ಬ್ಯಾಂಕುಗಳು ಕೊಡುವ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಆ ದೇಶದಲ್ಲಿ ನಡೆಯುವುದಿಲ್ಲವೆಂದೂ, ಗೀರು, ಮಡಿಕೆ ಇಲ್ಲದ ಡಾಲರ್ ನೋಟುಗಳನ್ನು ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ರೂಬಲ್ ಮಾಡಿಸಿಕೊಳ್ಳಬೇಕೆಂದೂ ಹೊರಡುವ ತಿಂಗಳ ಮೊದಲೇ ಕೂರಿಸಿ ಹೇಳಿದರು. ಈ ಮಾತನ್ನು ಕಿವಿಗೆ ಹಾಕಿಕೊಳ್ಳದ ಒಬ್ಬರು ಅಲ್ಲಿ ಒಂದು ನೀರಿನ ಬಾಟಲಿಗೂ ಪಕ್ಕದವರ ಮುಖ ನೋಡಬೇಕಾಯಿತು.

ಮೊದಲ ದಿನದ ನಗರದರ್ಶನ ನಿರಾಶೆ ತಂದಿತು. ಪೀಟರ್ ದೊರೆ 1703ರಲ್ಲಿ ನೇವಾ ನದಿಯ ಜೌಗಿನಲ್ಲಿ ಕಟ್ಟಿಸತೊಡಗಿದ ಈ ಊರು ಕಾಲ್ನಡಿಗೆಗೆ ಹೇಳಿ ಮಾಡಿಸಿದಂತಿದೆ. ನಾವಾದರೋ ಅದನ್ನು ಬಸ್ಸಿನ ಗಾಜಿನಿಂದ ನೋಡಿದೆವು. ಎರಡನೆಯ ಅಲೆಕ್ಸಾಂಡರ್ ದೊರೆ 1881ರಲ್ಲಿ ಬಾಂಬ್ ದಾಳಿಗೆ ಸಿಕ್ಕ ಜಾಗದಲ್ಲಿ ಕಟ್ಟಿರುವ, ಒಳಗೋಡೆಗಳಲ್ಲೆಲ್ಲ ಮೊಸಾಯಿಕ್ ಚಿತ್ರ ತುಂಬಿರುವ ಚರ್ಚಿನ ಮುಂದೆ ಸಿಕ್ಕಿದ್ದು 15 ನಿಮಿಷದ ‘ಫೋಟೊ ಸ್ಟಾಪ್’. ಒಳಗಿನ ಟಿಕೆಟ್ ಪ್ಯಾಕೇಜಿನಲ್ಲಿ ಇರಲಿಲ್ಲ. ಸೇಂಟ್ ಐಸಾಕ್ ಚರ್ಚಿನ ಗುಮ್ಮಟದ ಸುತ್ತಲಿನ ಕಂಬಸಾಲಿಗೆ 262 ಮೆಟ್ಟಿಲು ಹತ್ತಿದರೆ ಇಡೀ ಊರು ಕಾಣುತ್ತದೆ ಎಂಬುದನ್ನು ಗೈಡ್ ಹೇಳಿದರು, ಬಸ್ಸು ಮುಂದಕ್ಕೆ ಹೋಯಿತು. ನಗರದೊಳಗಿನ ಈ ಸುತ್ತಾಟಕ್ಕೆ ಹಣ ಕೊಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಮೆಟ್ರೊ ಸುಲಭವಾಗಿದೆ, ಜೂನ್‌ನಲ್ಲಿ ರಾತ್ರಿ ಹನ್ನೊಂದಾದರೂ ದಾರಿ ಕಾಣುವಷ್ಟು ಬೆಳಕಿರುತ್ತದೆ, ನಡೆಯಬಲ್ಲವರು ತಾವೇ ನಡೆದು ನೋಡಬಹುದು.

ಎರಡನೆಯ ದಿನ ಹರ್ಮಿಟೇಜ್. ಎರಡನೆಯ ಕ್ಯಾಥರೀನ್ ರಾಣಿಯ ಸಂಗ್ರಹದಿಂದ 1764ರಲ್ಲಿ ಆರಂಭವಾದ ಈ ವಸ್ತುಸಂಗ್ರಹಾಲಯದ ಮುಖ್ಯ ಭಾಗ ಇರುವುದು ಚಳಿಗಾಲದ ಅರಮನೆಯಲ್ಲಿ. ಇಲ್ಲಿ ಗೈಡ್ ತಂಡದ ಜೊತೆ ಹೋಗುವುದರ ಲಾಭ ಬಾಗಿಲಲ್ಲೇ ಗೊತ್ತಾಗುತ್ತದೆ: ಹೊರಗಿನ ಸರತಿಯನ್ನು ಬಿಟ್ಟು ನಮ್ಮನ್ನು ಬೇರೆ ಬಾಗಿಲಿನಿಂದ ಒಳಗೆ ಕರೆದೊಯ್ದರು. ಲಾಭ ಅಲ್ಲಿಗೇ ಮುಗಿಯಿತು. ಕೊರಳಿಗೆ ತೂಗುಹಾಕಿದ ಪುಟ್ಟ ರಿಸೀವರ್, ಕಿವಿಯಲ್ಲಿ ಇಯರ್‌ಫೋನು, ಮುಂದೆ ಎತ್ತಿ ಹಿಡಿದ ಹಳದಿ ಕೊಡೆ. ಮೆಟ್ಟಿಲು ಹತ್ತಿ, ಬಂಗಾರದ ನವಿಲಿನ ಗಡಿಯಾರವನ್ನು ಜನರ ತಲೆಗಳ ನಡುವೆ ಇಣುಕಿ, ರೆಂಬ್ರಾಂಟನ ‘ಮರಳಿ ಬಂದ ಮಗ’ನ ಚಿತ್ರದ ಮುಂದೆ ನಾಲ್ಕು ನಿಮಿಷ ನಿಂತು, ಎರಡು ಗಂಟೆಯಲ್ಲಿ ಹೊರಬಿದ್ದೆವು. ಆ ಚಿತ್ರದಲ್ಲಿ ಮಂಡಿಯೂರಿದ ಮಗನ ಸವೆದ ಚಪ್ಪಲಿ, ಕಾಣುವ ಅಂಗಾಲು, ಅವನ ಬೆನ್ನ ಮೇಲಿರುವ ತಂದೆಯ ಎರಡು ಕೈಗಳನ್ನು ನೋಡುತ್ತ ನಾನು ನಿಂತಿದ್ದಾಗ ಕಿವಿಯಲ್ಲಿ ಗೈಡಿನ ಧ್ವನಿ ಮುಂದಿನ ಕೋಣೆಯ ಚಾವಣಿಯನ್ನು ವರ್ಣಿಸತೊಡಗಿತ್ತು. ಇಯರ್‌ಫೋನನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಅದರ ಫಲವಾಗಿ ತಂಡದಿಂದ ತಪ್ಪಿಸಿಕೊಂಡು ಬೈಸಿಕೊಂಡದ್ದೂ ಆಯಿತು.

ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ನಮ್ಮ ಟೂರ್ ಮ್ಯಾನೇಜರ್ ಕನ್ನಡದಲ್ಲಿ ಹೇಳುತ್ತಿದ್ದರು. ಗೈಡ್ ಐದು ನಿಮಿಷ ಮಾತನಾಡಿದ ಮೇಲೆ ಅವರು “ಇದು ರಾಜರು ಕೂರೋ ಜಾಗವಂತೆ” ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದರು. ಹೊರಗೆ ಬಂದಾಗ ಸಕಲೇಶಪುರದ ಬೆಳೆಗಾರರೊಬ್ಬರು, “ಮೇಷ್ಟ್ರೇ, ಸಾವಿರ ರೂಪಾಯಿ ಟಿಕೆಟ್ ತಗೊಂಡು ಹಾಸನಾಂಬೆ ದರ್ಶನ ಮಾಡಿದ ಹಾಗಾಯ್ತು” ಎಂದರು. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಆ ಸರತಿಯಲ್ಲಿ ನಿಂತವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಾರದು. ಪ್ಯಾಕೇಜನ್ನು ಆರಿಸುವಾಗ ಹರ್ಮಿಟೇಜಿಗೆ ಕನಿಷ್ಠ ಅರ್ಧ ದಿನವಿದೆಯೇ, ತಂಡದ ಸುತ್ತು ಮುಗಿದ ಮೇಲೆ ಒಳಗೇ ಉಳಿಯಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಸೋಮವಾರ ಅದಕ್ಕೆ ರಜೆ ಎಂಬುದೂ ನೆನಪಿರಲಿ.

ಪೀಟರ್‌ಹೋಫ್ ದಿನ ಮಾತ್ರ ಬೇರೆಯೇ ಆಗಿತ್ತು. ನಗರದಿಂದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಫಿನ್ಲೆಂಡ್ ಕೊಲ್ಲಿಯ ದಂಡೆಯ ಮೇಲಿರುವ ಈ ಅರಮನೆಗೆ ಹೋಗುವಾಗ ನೀರಿನಿಂದ ಮೇಲೆದ್ದು ಓಡುವ ವೇಗದ ಬೋಟು, ಬರುವಾಗ ಬಸ್ಸು ಎಂಬ ವ್ಯವಸ್ಥೆಯಿತ್ತು. ಅಂದು ಬಂದ ಗೈಡ್ ಐವತ್ತು ದಾಟಿದ ಹೆಂಗಸು. ಕೊಡೆ ಎತ್ತಲಿಲ್ಲ, ಓಡಿಸಲಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ 11 ಗಂಟೆಗೆ ಸಂಗೀತದೊಡನೆ ಕಾರಂಜಿಗಳನ್ನು ಬಿಡುತ್ತಾರೆ. ಅದಕ್ಕೆ ಅರ್ಧ ಗಂಟೆ ಮೊದಲೇ ನಮ್ಮನ್ನು ಕಾಲುವೆಯ ಸೇತುವೆಯ ಮೇಲೆ ಒಳ್ಳೆಯ ಜಾಗದಲ್ಲಿ ನಿಲ್ಲಿಸಿ, ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿ, ನೀರು ಚಿಮ್ಮಿದ ಮೇಲೆ ಆಕೆ ಸುಮ್ಮನಾದರು. ಬೇಲೂರಿನ ಟಾರ್ಚಿನ ಗೈಡು ನೆನಪಾದರು.

ಮೆಟ್ಟಿಲುಗಳ ಮೇಲಿಂದ ನೀರು ಇಳಿಯುವ ಆ ಮಹಾ ಸೋಪಾನದ ನಡುವೆ, ಬೈಬಲ್ಲಿನ ವೀರ ಸ್ಯಾಮ್ಸನ್‌ನ ಚಿನ್ನದ ಲೇಪವಿರುವ ವಿಗ್ರಹವಿದೆ. ಅವನು ಸಿಂಹದ ಬಾಯನ್ನು ಎರಡೂ ಕೈಗಳಿಂದ ಸೀಳುತ್ತಿದ್ದಾನೆ. ಆ ಬಾಯಿಂದ ನೀರು 20 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. 1709ರಲ್ಲಿ ಪೊಲ್ಟಾವದ ಯುದ್ಧದಲ್ಲಿ ಪೀಟರ್ ದೊರೆ ಸ್ವೀಡನ್ನಿನ ಸೈನ್ಯವನ್ನು ಸೋಲಿಸಿದ್ದು ಸಂತ ಸ್ಯಾಮ್ಸನ್‌ನ ಹಬ್ಬದ ದಿನ. ಸಿಂಹವಾದರೋ ಸ್ವೀಡನ್ನಿನ ರಾಜಲಾಂಛನದ್ದು. ಇದನ್ನು ಕೇಳುತ್ತಿದ್ದಂತೆ ನಮ್ಮವರೆಲ್ಲರೂ ಒಬ್ಬರನ್ನೊಬ್ಬರು ನೋಡಿದೆವು. ಸೊಸೆವೂರಿನಲ್ಲಿ, ಅಂದರೆ ಇಂದಿನ ಮೂಡಿಗೆರೆ ಕಡೆಯ ಅಂಗಡಿಯಲ್ಲಿ, ಗುರುವಿನ “ಹೊಯ್ ಸಳ” ಎಂಬ ಮಾತಿಗೆ ಎದ್ದು ಹುಲಿಯನ್ನು ಹೊಡೆದ ಸಳನ ಕಥೆ ನಮ್ಮ ಮಕ್ಕಳಿಗೂ ಗೊತ್ತು. 1116ರಲ್ಲಿ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದದ್ದನ್ನೇ ಹೊಯ್ಸಳರ ಆ ಲಾಂಛನ ಹೇಳುತ್ತದೆ, ಹುಲಿ ಚೋಳರ ಗುರುತು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ನಾನು ಫೋನಿನಲ್ಲಿದ್ದ ಬೇಲೂರಿನ ಬಾಗಿಲ ಬಳಿಯ ಸಳನ ಚಿತ್ರ ತೋರಿಸಿ ಇಷ್ಟನ್ನು ಹೇಳಿದಾಗ, ಆ ಗೈಡ್ ಕನ್ನಡಕ ಏರಿಸಿಕೊಂಡು ಚಿತ್ರವನ್ನು ಹಿಗ್ಗಿಸಿ ನೋಡಿ, ಚೀಲದಿಂದ ನೋಟುಪುಸ್ತಕ ತೆಗೆದು ‘ಸಳ’ ಎಂದು ರಷ್ಯನ್ ಲಿಪಿಯಲ್ಲಿ ಬರೆದುಕೊಂಡರು. ಸ್ಯಾಮ್ಸನ್‌ನ ಹಳೆಯ ವಿಗ್ರಹ ಎರಡನೆಯ ಮಹಾಯುದ್ಧದಲ್ಲಿ ಕಳವಾಗಿ, ಈಗಿನದನ್ನು 1947ರಲ್ಲಿ ನಿಲ್ಲಿಸಿದರು ಎಂಬುದನ್ನು ಆಕೆ ಹೇಳಿದ್ದು ಆಮೇಲೆ, ನಡೆಯುತ್ತ.

ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿದು ಸುಸ್ತಾಗಿರುವ ನಮ್ಮ ಬೆಳೆಗಾರರು ಆಗಲೇ ಪೊದೆಗಳ ಹಿಂದೆ ಮೋಟಾರು ಹುಡುಕುತ್ತಿದ್ದರು. ಹೂಮಳೆ ಕೈಕೊಟ್ಟ ವರ್ಷ ಹತ್ತಾರು ಎಕರೆಗೆ ನೀರು ಹಾರಿಸುವ ಖರ್ಚು ಎಷ್ಟೆಂದು ಅವರಿಗೆ ಗೊತ್ತು. “ಪಂಪಿಲ್ಲ” ಎಂದರು ಗೈಡ್. ದಕ್ಷಿಣದ ಎತ್ತರದ ಪ್ರದೇಶದ ಬುಗ್ಗೆಗಳಿಂದ ಸುಮಾರು 22 ಕಿ.ಮೀ. ಉದ್ದದ ಕಾಲುವೆ ಮತ್ತು ಕೊಳಗಳ ಮೂಲಕ ನೀರು ಇಳಿಜಾರಿನಲ್ಲಿ ತಾನೇ ಹರಿದುಬಂದು, ಆ ಒತ್ತಡದಿಂದಲೇ ಚಿಮ್ಮುತ್ತದೆ. ಪೀಟರ್ ದೊರೆಯ ಕಾಲದಿಂದಲೂ ವ್ಯವಸ್ಥೆ ಇದೇ. ಬೆಳೆಗಾರರು ಅರಮನೆಯ ಕಡೆಗೆ ಮತ್ತೆ ತಿರುಗಿಯೂ ನೋಡಲಿಲ್ಲ. ಪೈಪಿನ ಅಳತೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಗತಿ, ಹೂಳು ತೆಗೆಯುವವರು ಯಾರು ಎಂದು ಆಕೆಯನ್ನು ಕೇಳುತ್ತಲೇ ಹೋದರು. ಆಕೆಯೂ ಬೇಸರಿಸದೆ, ಗೊತ್ತಿದ್ದಷ್ಟನ್ನು ಹೇಳಿದರು. ಅಡಿಯಲ್ಲಿ ಕುಳಿತರೆ ಅಂಚಿನಿಂದ ನೀರು ಸುರಿದು ಸೆರೆ ಹಿಡಿಯುವ ಛತ್ರಿ ಕಾರಂಜಿಯಲ್ಲಿ ಚನ್ನರಾಯಪಟ್ಟಣದ ಬಟ್ಟೆ ವ್ಯಾಪಾರಿಯೊಬ್ಬರು ಹೊಸ ಜರ್ಕಿನ್ನಿನೊಡನೆ ತೊಯ್ದದ್ದು ಅಂದಿನ ಇನ್ನೊಂದು ಸಂತೋಷ.

ಒಂದೇ ತಕರಾರು, ಅದು ಸಣ್ಣದಲ್ಲ. ಕರಪತ್ರದಲ್ಲಿ ‘ಪೀಟರ್‌ಹೋಫ್ ಅರಮನೆ ದರ್ಶನ’ ಎಂದು ಅಚ್ಚಾಗಿತ್ತು. ಅಲ್ಲಿ ಕಾರಂಜಿಗಳಿರುವ ಕೆಳಗಿನ ಉದ್ಯಾನದ ಟಿಕೆಟ್ ಬೇರೆ, ಅರಮನೆಯ ಒಳಗಿನದು ಬೇರೆ. ನಮಗೆ ಕೊಡಿಸಿದ್ದು ಉದ್ಯಾನದ್ದು ಮಾತ್ರ. ಅರಮನೆಯನ್ನು ಹೊರಗಿನಿಂದ ನೋಡಿದ್ದೂ ದರ್ಶನವೇ ಎಂಬ ಟೂರ್ ಮ್ಯಾನೇಜರರ ವಾದವನ್ನು ಯಾರೂ ಒಪ್ಪಲಿಲ್ಲ.

ನಾಲ್ಕನೆಯ ದಿನ ತ್ಸಾರ್‌ಸ್ಕೊಯೆ ಸೆಲೊ, ಅಂದರೆ ‘ದೊರೆಯ ಹಳ್ಳಿ’. ಅಲ್ಲಿನ ಕ್ಯಾಥರೀನ್ ಅರಮನೆಗೆ ಆ ಹೆಸರು ಬಂದದ್ದು ಪೀಟರ್ ದೊರೆಯ ಹೆಂಡತಿ ಮೊದಲನೆಯ ಕ್ಯಾಥರೀನಳಿಂದ. ಇಂದು ಕಾಣುವ ನೀಲಿ, ಬಿಳಿ, ಚಿನ್ನದ ಬಣ್ಣದ, 300 ಮೀಟರಿಗೂ ಉದ್ದದ ಕಟ್ಟಡವನ್ನು ಅವಳ ಮಗಳು ಎಲಿಜಬೆತ್‌ಗಾಗಿ ಕಟ್ಟಿದವನು ರಾಸ್ತ್ರೆಲ್ಲಿ ಎಂಬ ವಾಸ್ತುಶಿಲ್ಪಿ. ಗೈಡ್ ಸಮೇತದ ಪ್ರವಾಸವನ್ನು ಒಂದೇ ದಿನಕ್ಕೆ ಕೊಳ್ಳುವುದಾದರೆ ಇಲ್ಲಿಗೇ ಕೊಳ್ಳಿರಿ ಎನ್ನುತ್ತೇನೆ. ಬೇಸಿಗೆಯಲ್ಲಿ ಒಂಟಿಯಾಗಿ ಬಂದವರ ಸರತಿ ಅರಮನೆಯನ್ನು ಸುತ್ತಿಕೊಂಡಿರುತ್ತದೆ, ತಂಡಗಳಿಗೆ ಗೊತ್ತಾದ ಹೊತ್ತು ಇರುತ್ತದೆ. ಚಪ್ಪಲಿ, ಶೂಗಳ ಮೇಲೆ ಪ್ಲಾಸ್ಟಿಕ್ ಚೀಲ ತೊಟ್ಟು, ಮರದ ನೆಲದ ಮೇಲೆ ಸರಸರ ಸದ್ದು ಮಾಡುತ್ತ ಎಲ್ಲರೂ ಒಳಗೆ ಹೋಗಬೇಕು. ಪೀಟರ್‌ಹೋಫಿನ ಗೈಡೇ ಅಂದೂ ಬಂದದ್ದು ನಮ್ಮ ಪುಣ್ಯ.

ಅಂಬರ್ ಕೋಣೆಗಾಗಿ ಎಲ್ಲರೂ ಕಾತರರಾಗಿದ್ದರು. ಅಂಬರ್ ಎಂದರೆ ಕೋಟ್ಯಂತರ ವರ್ಷ ಹಿಂದಿನ ಮರಗಳ ರಾಳ. ನಮ್ಮ ಘಟ್ಟದ ಧೂಪದ ಮರದ ಅಂಟು ಕಲ್ಲಾದಂತೆ, ಜೇನಿನಿಂದ ಹಿಡಿದು ಕಾಫಿ ಡಿಕಾಕ್ಷನ್ನಿನವರೆಗಿನ ಬಣ್ಣ. ಪ್ರಷ್ಯದ ದೊರೆ 1716ರಲ್ಲಿ ಪೀಟರ್‌ಗೆ ಕೊಟ್ಟ ಆ ಫಲಕಗಳನ್ನು 1941ರಲ್ಲಿ ಜರ್ಮನ್ ಸೈನ್ಯ ಕಳಚಿಕೊಂಡು ಹೋಯಿತು, ಯುದ್ಧದ ಕೊನೆಯಲ್ಲಿ ಅವು ಕಾಣೆಯಾದವು. ಈಗಿರುವುದು 1979ರಲ್ಲಿ ಕೈಹಚ್ಚಿ 2003ರಲ್ಲಿ ಮುಗಿಸಿದ ಹೊಸ ಕೋಣೆ. ಆ ಕೋಣೆಯಲ್ಲಿ ನಿಲ್ಲಲು ಬಿಡುವುದು ಕೆಲವೇ ನಿಮಿಷ. ಅದನ್ನರಿತ ಗೈಡ್, ಅದಕ್ಕೂ ಮೊದಲು ಯುದ್ಧಾನಂತರದ ಫೋಟೊಗಳ ಮುಂದೆ ನಮ್ಮನ್ನು ನಿಲ್ಲಿಸಿದರು: ಚಾವಣಿಯಿಲ್ಲದ ಸಭಾಂಗಣ, ನೆಲದ ಮೇಲೆ ಇಟ್ಟಿಗೆಯ ರಾಶಿ, ಕಿಟಕಿಯಿದ್ದಲ್ಲಿ ಆಕಾಶ. ಹಳೇಬೀಡಿನಲ್ಲಿ ಮುರಿದದ್ದು ಮುರಿದಂತೆಯೇ ಇದೆ, ಇಲ್ಲಿ ಮುರಿದದ್ದರ ಗುರುತೇ ಸಿಗದಂತೆ ಮತ್ತೆ ಕಟ್ಟಿದ್ದಾರೆ. ಎರಡರಲ್ಲಿ ಯಾವುದು ಸರಿ ಎಂದು ಬಸ್ಸಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಆ ಚರ್ಚೆಯನ್ನು ನಿಲ್ಲಿಸಿದ್ದು ಒಂದು ಅಂಗಡಿ. ಶೌಚಾಲಯಕ್ಕೆಂದು ನಿಲ್ಲಿಸಿದ ಬಸ್ಸು ಅಂಬರ್ ಸರ, ಮರದ ಗೊಂಬೆಗಳ ಮಳಿಗೆಯ ಮುಂದೆ 50 ನಿಮಿಷ ನಿಂತಿತು. ಮರುದಿನವೂ ಇಂಥದೇ ಇನ್ನೊಂದು. ರಷ್ಯನ್ ಮ್ಯೂಸಿಯಮ್ಮಿನಲ್ಲಿ ನಿಕೊಲಾಯ್ ರೋರಿಕ್‌ರ ಚಿತ್ರಗಳಿವೆ. ಅವರ ಮಗ ಸ್ವೆತೊಸ್ಲಾವ್ 1904ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ದೇವಿಕಾರಾಣಿಯವರೊಡನೆ ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದವರು. ಅಲ್ಲಿಗೆ ಒಂದು ಗಂಟೆ ಬಿಡಿ ಎಂದು ನಾನು ಕೇಳಿದಾಗ ಸಮಯವಿಲ್ಲ ಎಂದಿದ್ದರು.

ಊಟಕ್ಕೆ ದಿನವೂ ಭಾರತೀಯ ಹೋಟೆಲು, ದಿನವೂ ನಾನ್, ಪನೀರು. ಬೆಳಗಿನ ತಿಂಡಿಯ ಗ್ರೆಚ್ಕಾ ಎಂಬ ಕಾಳಿನ ಅನ್ನಕ್ಕೆ ಮನೆಯ ಚಟ್ನಿಪುಡಿ, ಬೆಣ್ಣೆ ಕಲಸಿಕೊಂಡದ್ದೇ ನನಗೆ ಹಿಡಿಸಿತು. ನಡುರಾತ್ರಿ ಒಂದರ ನಂತರ ನೇವಾ ನದಿಯ ಸೇತುವೆಗಳು ಮೇಲೇಳುವುದನ್ನು ತೋರಿಸುವ ಬೋಟಿಗೆ ಪ್ರತ್ಯೇಕ ಹಣ ಕೇಳಿದರು. ನಾವು ಆರು ಮಂದಿ ದಂಡೆಯ ಮೇಲೆ ನಿಂತು ಪುಕ್ಕಟೆ ನೋಡಿದೆವು.

ಊರಿಗೆ ಬಂದ ಮೇಲೆ ಸಂಸ್ಥೆಯ ಕಚೇರಿಗೆ ಹೋಗಿ ಇವನ್ನೆಲ್ಲ ಬರೆದುಕೊಟ್ಟೆ. ಮಾಲೀಕರು ಕಾಫಿ ತರಿಸಿ, ತಾಳ್ಮೆಯಿಂದ ಓದಿದರು. ಈ ಸಲದ ಕರಪತ್ರ ಮೊನ್ನೆ ಕೈಸೇರಿತು. ‘ಪೀಟರ್‌ಹೋಫ್ ಅರಮನೆ’ ಎಂದಿದ್ದದ್ದು ‘ಪೀಟರ್‌ಹೋಫ್ ಉದ್ಯಾನ ಮತ್ತು ಕಾರಂಜಿಗಳು’ ಎಂದಾಗಿದೆ, ಹರ್ಮಿಟೇಜಿಗೆ ಮೂರೂವರೆ ಗಂಟೆ ಎಂದಿದೆ. ಅಂಗಡಿಗಳ ನಿಲುಗಡೆಯ ಹೆಸರು ಮಾತ್ರ ಬದಲಾಗಿದೆ. ಈಗ ಅದನ್ನು ‘ವಿಶ್ರಾಂತಿ’ ಎಂದು ಬರೆದಿದ್ದಾರೆ.