ಕಬ್ಬಿನ ಹಾಲಿಗೆ ನಾಲ್ಕೂವರೆ ಸ್ಟಾರ್, ಬಕೀಟಿಗೆ ಸೊನ್ನೆ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಕಲಬುರಗಿಯ ಸೂಪರ್ ಮಾರ್ಕೆಟ್. ಬಿಸಿಲು 42 ದಾಟಿತ್ತು. ಗಾಣದ ಗೆಜ್ಜೆ ಸದ್ದು ಕೇಳಿದ್ದೇ ತಡ, ಕಾಲು ತಾನಾಗಿಯೇ ಬಂಡಿ ಕಡೆ ತಿರುಗಿತು. ಯಾವ ಬಂಡಿ ಅಂತ ಹೇಳುವುದಿಲ್ಲ. ನಾನು ನೋಡಿದ ಎಷ್ಟೋ ಬಂಡಿಗಳಲ್ಲಿ ಇದೇ ಕಥೆ, ಒಬ್ಬನ ಹೊಟ್ಟೆ ಮೇಲೆ ಯಾಕೆ ಹೊಡೆಯಬೇಕು?

ರುಚಿಗೆ ಹೆಸರಿಡುವಂತಿಲ್ಲ. ಕಬ್ಬನ್ನು ಕಣ್ಣೆದುರೇ ಕೆತ್ತಿ, ನಡುವೆ ಶುಂಠಿ ಚೂರು, ಅರ್ಧ ನಿಂಬೆಹಣ್ಣು ಮಡಚಿಟ್ಟು ಎರಡೆರಡು ಸಲ ಗಾಣಕ್ಕೆ ಕೊಡುತ್ತಾನೆ. ಐಸ್ ಬೇಡ ಅಂದರೆ ಮುಖ ಸಿಂಡರಿಸುವುದಿಲ್ಲ. 20 ರೂಪಾಯಿಗೆ ಗ್ಲಾಸು ತುಂಬಾ.

ತೊಂದರೆ ಇರುವುದು ಆ ಗ್ಲಾಸಿನಲ್ಲೇ. ಬಂಡಿ ಕೆಳಗೆ ಒಂದು ಪ್ಲಾಸ್ಟಿಕ್ ಬಕೀಟು. ಒಬ್ಬರು ಕುಡಿದಿಟ್ಟ ಗ್ಲಾಸನ್ನು ಕೆಲಸದ ಹುಡುಗ ಅದರಲ್ಲಿ ಒಮ್ಮೆ ಅದ್ದಿ, ತಿರುವಿ, ನೀರು ಝಾಡಿಸಿ ಮುಂದಿನವರಿಗೆ ಕೊಡುತ್ತಾನೆ. ಸೋಪಿಲ್ಲ, ನಲ್ಲಿಯಿಲ್ಲ. ಬಗ್ಗಿ ನೋಡಿದೆ. ನೀರು ಚಹಾ ಬಣ್ಣಕ್ಕೆ ತಿರುಗಿತ್ತು, ಮೇಲೆ ಕಬ್ಬಿನ ನಾರು, ಎರಡು ನಿಂಬೆ ಬೀಜ. ನನಗೆ ಬಂದ ಗ್ಲಾಸಿನ ಅಂಚಿನಲ್ಲಿ ಯಾರದೋ ಲಿಪ್‌ಸ್ಟಿಕ್ ಗುರುತು ಹಾಗೇ ಇತ್ತು. “ಅಣ್ಣಾ, ಈ ನೀರು ಯಾವಾಗ ಬದಲಿಸಿದ್ದು?” ಅಂದೆ. “ಮುಂಜಾನಿನೇ ತುಂಬೀನ್ರಿ, ಸಾಫ್ ಅದ” ಅಂದ. ಮುಂಜಾನೆ!

ಲಿಪ್‌ಸ್ಟಿಕ್ ಕಾಣುತ್ತದೆ, ಜೊಲ್ಲು ಕಾಣುವುದಿಲ್ಲ ಅಲ್ವಾ? ಹೋದ ವರ್ಷ ಅಕ್ಕನ ಮಗನಿಗೆ ಮಂಗನಬಾವು ಆಗಿತ್ತು. ಡಾಕ್ಟರ್ ಮೊದಲು ಕೇಳಿದ್ದೇ, ಶಾಲೆಯಲ್ಲಿ ಯಾರ ಬಾಟಲಿ ನೀರು ಕುಡಿದೆ ಅಂತ. ಕೆನ್ನೆ ಊದುವುದಕ್ಕೆ ಒಂದೆರಡು ದಿನ ಮೊದಲೇ ಎಂಜಲಿನಲ್ಲಿ ವೈರಸ್ ಇರುತ್ತದೆ, ಹಾಗಾಗಿ ಬಾಟಲಿ ಕೊಟ್ಟವನಿಗೂ ಗೊತ್ತಿರುವುದಿಲ್ಲ, ಕುಡಿದವನಿಗೂ ಗೊತ್ತಿರುವುದಿಲ್ಲ. ತುಟಿ ಅಂಚಿನಲ್ಲಿ ಏಳುವ ಹರ್ಪಿಸ್ ಗುಳ್ಳೆಯೂ ಹೀಗೇ ದಾಟಬಹುದು. ಕಾಮಣಿಯ ದಾರಿ ಬೇರೆ. ಕಾಮಣಿ ತರುವ ಹೆಪಟೈಟಿಸ್ ಎ ವೈರಸ್ ಬರುವುದು ಕಕ್ಕಸಿಗೆ ಹೋಗಿ ಸರಿಯಾಗಿ ಕೈ ತೊಳೆಯದವರ ಕೈಯಿಂದ, ಹೊಲಸು ನೀರಿನಿಂದ. ಆ ಬಕೀಟಿನಲ್ಲಿ ದಿನವಿಡೀ ಮುಳುಗುವುದೂ ಕೈಯೇ. ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು. ಅಷ್ಟೊತ್ತಿಗೆ ಯಾವ ಗ್ಲಾಸು ಅಂತ ಯಾರಿಗೆ ನೆನಪಿರುತ್ತದೆ? ಬೈಗುಳ ಮಾತ್ರ ನಿನ್ನೆ ತಿಂದ ಮಿರ್ಚಿಗೆ.

ಸುಮ್ನೆ ಮಡಿ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಎಂಜಲು ಅಂದ ತಕ್ಷಣ ಜಾತಿ ನೋಡಿ ಬೇರೆ ಗ್ಲಾಸು ಇಡುತ್ತಿದ್ದ ಹೋಟೆಲುಗಳು ನೆನಪಾಗುತ್ತವೆ, ಅದಕ್ಕೂ ರೋಗಕ್ಕೂ ಸಂಬಂಧವೇ ಇಲ್ಲ. ಎಚ್‌ಐವಿ ಕೂಡ ತಟ್ಟೆ, ಲೋಟದಿಂದ ಹರಡುವುದಿಲ್ಲ, ಹೆಪಟೈಟಿಸ್ ಬಿಯೂ ಅಷ್ಟೇ. ಯಾರನ್ನೂ ದೂರ ಇಡಬೇಕಾಗಿಲ್ಲ, ಗ್ಲಾಸನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದರೆ ಆಯಿತು. ಅಷ್ಟು ನೀರು ಬಂಡಿಗೆ ಎಲ್ಲಿಂದ ಬರಬೇಕು ಅನ್ನುವುದೂ ನಿಜವೇ, ಆದರೆ ತಳಕ್ಕೆ ನಲ್ಲಿ ಇರುವ ಒಂದು ಡ್ರಮ್ಮು ಇಡಬಹುದಿತ್ತು.

ನಮ್ಮವ್ವ ತಂಬಿಗೆಗೆ ಬಾಯಿ ಹಚ್ಚಿದರೆ ತಲೆಗೆ ಮೊಟಕುತ್ತಿದ್ದಳು, ಎತ್ತಿ ಕುಡಿ ಅಂತ. ಆದರೆ ನೊರೆಗಟ್ಟಿದ ಕಬ್ಬಿನ ಹಾಲನ್ನು ಎತ್ತಿ ಕುಡಿಯಲು ಹೋಗಿ ನಾನು ಹೊಸ ಅಂಗಿ ಪೂರ್ತಿ ಅಂಟು ಮಾಡಿಕೊಂಡಿದ್ದೇನೆ.

ಹೋದ ವಾರ ಮತ್ತೆ ಹೋದೆ, ಮನೆಯಿಂದ ಸ್ಟೀಲ್ ಲೋಟ ಹಿಡಿದುಕೊಂಡು. ಹುಡುಗ ನಕ್ಕ. ಲೋಟ ಇಸಿದುಕೊಂಡ, ಅಭ್ಯಾಸಬಲ ನೋಡಿ, ಅದನ್ನೂ ಬಕೀಟಿನಲ್ಲಿ ಒಮ್ಮೆ ಅದ್ದಿಬಿಟ್ಟ.